ಪಿಕಪ್ ಟ್ರಕ್ಕಿಗೆ 33 ಇಂಚಿನ ಟೈರ್, 2 ಇಂಚಿನ ಲೆವೆಲಿಂಗ್ ಕಿಟ್: ಎರಡೂ ಬೇಕಾ?

ನಮಸ್ಕಾರ. ಓದುವ ಬೇರೆಯವರಿಗೂ ಗೊತ್ತಾಗಲಿ ಅಂತ ನಿಮ್ಮ ಪ್ರಶ್ನೆಯನ್ನು ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ನೀವು ಅಮೆರಿಕದ ಡೆನ್ವರ್ ಹತ್ತಿರ ಇದ್ದೀರಿ. 2018ರ ಫೋರ್ಡ್ ಎಫ್-150 ಫೋರ್ ವೀಲ್ ಡ್ರೈವ್ ಟ್ರಕ್ಕನ್ನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದೀರಿ. ಟೈರ್ ಸವೆದಿವೆ. ಹೇಗೂ ಹೊಸದು ಹಾಕಿಸಬೇಕಲ್ಲ, 33 ಇಂಚಿನವೇ ಹಾಕಿಸಿ ಮುಂಭಾಗವನ್ನು 2 ಇಂಚು ಎತ್ತುವ ಲೆವೆಲಿಂಗ್ ಕಿಟ್ ಕೂಡ ಹಾಕಿಸಿಬಿಡೋಣ ಅಂತ ಯೋಚನೆ. ಬೇಸಿಗೆಯಲ್ಲಿ ಕ್ಯಾಂಪರ್ (ಒಳಗೆ ಮಲಗಿ ಇರಬಹುದಾದ ಟ್ರೈಲರ್) ಎಳೆಯುತ್ತೀರಿ, ಚಳಿಗಾಲದಲ್ಲಿ ಮಕ್ಕಳನ್ನು ಕರ್ಕೊಂಡು ಬೆಟ್ಟದ ಕಡೆ ಹೋಗುತ್ತೀರಿ.

ನನ್ನದು 2017ರ ಎಫ್-150. ನಿಮ್ಮದೂ ನನ್ನದೂ ಒಂದೇ ಪೀಳಿಗೆಯ ಟ್ರಕ್. ನಾನೂ ಇದೇ ಊರಿನ ಆಸುಪಾಸಿನಲ್ಲಿದ್ದೇನೆ, ನಾನೂ ಕ್ಯಾಂಪರ್ ಎಳೆಯುತ್ತೇನೆ. ಈ ಎರಡೂ ಕೆಲಸ ಮಾಡಿಸಿದ್ದೇನೆ. ಕಿಟ್ ಅಂತೂ ಒಮ್ಮೆ ಹಾಕಿಸಿ, ಬಿಚ್ಚಿಸಿ, ಮತ್ತೆ ಬೇರೆ ಹಾಕಿಸಿದ್ದೇನೆ. ಅದರಿಂದ ಹೇಳುತ್ತೇನೆ: ಟೈರ್ ಈಗಲೇ ಹಾಕಿಸಿ, ಆದರೆ ಹಳೇ ಅಳತೆಯದೇ. ಕಿಟ್ ಈಗ ಬೇಡ. ಕ್ಯಾಂಪರ್ ಕಟ್ಟಿ, ಟೇಪ್ ಹಿಡಿದು ಅಳೆದು, ಆಮೇಲೆ ತೀರ್ಮಾನ ಮಾಡಿ.

ಯಾಕೆ ಅಂದರೆ, ಟ್ರಕ್ಕಿನ ಮೂತಿ ಸ್ವಲ್ಪ ಕೆಳಗೆ, ಹಿಂಭಾಗ ಸ್ವಲ್ಪ ಮೇಲೆ ಇರುವುದು ತಯಾರಿಸಿದವರ ತಪ್ಪಲ್ಲ. ಹಿಂದೆ ಭಾರ ಬಿದ್ದಾಗ ಹಿಂಭಾಗ ಇಳಿಯುತ್ತದೆ, ಆಗ ಟ್ರಕ್ ಸಮಕ್ಕೆ ಬರಲಿ ಅಂತಲೇ ಹಾಗೆ ಬಿಟ್ಟಿರುತ್ತಾರೆ. ನಮ್ಮೂರಲ್ಲಿ ಎತ್ತಿನ ಗಾಡಿಗೆ ಹುಲ್ಲು ಹೇರುವಾಗ ಅಜ್ಜ ಮೂಕಿ ಹಿಡಿದು ನಿಲ್ಲುತ್ತಿದ್ದರು. ಹಿಂದೆ ಜಾಸ್ತಿ ಬಿದ್ದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಹೆಗಲು ಬಿಡುತ್ತದೆ. "ಹಿಂಭಾರ ಆಯ್ತು, ಮುಂದಕ್ಕೆ ಹಾಕ್ರೋ" ಅನ್ನುತ್ತಿದ್ದರು. ಟ್ರಕ್ಕಿಗೂ ಅದೇ ಮಾತು. ಇಲ್ಲಿ ಎತ್ತಿನ ಜಾಗದಲ್ಲಿ ಇರುವುದು ಮುಂದಿನ ಎರಡು ಚಕ್ರ. ಅವುಗಳ ಮೇಲೆ ಸರಿಯಾಗಿ ಭಾರ ಕೂತರೆ ಮಾತ್ರ ಸ್ಟೀರಿಂಗ್ ನಿಮ್ಮ ಮಾತು ಕೇಳುತ್ತದೆ.

ಕ್ಯಾಂಪರಿನ ಒಟ್ಟು ತೂಕದ 10ರಿಂದ 15 ಪರ್ಸೆಂಟ್ ನಿಮ್ಮ ಹಿಚ್ (ಟ್ರಕ್ಕಿನ ಹಿಂದೆ ಟ್ರೈಲರ್ ಸಿಕ್ಕಿಸುವ ಕೊಂಡಿ) ಮೇಲೆ ಕೂರುತ್ತದೆ. 5,000 ಪೌಂಡಿನ ಕ್ಯಾಂಪರ್ ಆದರೆ 500ರಿಂದ 750 ಪೌಂಡ್. ಅದೂ ಹಿಂದಿನ ಆಕ್ಸಲ್‌ಗಿಂತ ನಾಲ್ಕು ಅಡಿ ಆಚೆಗೆ. ಅಷ್ಟು ದೂರದಲ್ಲಿ ಕೂತ ಭಾರ ಹಿಂಭಾಗವನ್ನು ಒತ್ತುವುದರ ಜೊತೆಗೆ ಮೂತಿಯನ್ನೂ ಎತ್ತುತ್ತದೆ.

ನಾನು ಅಳೆಯದೇ 2 ಇಂಚಿನ ಕಿಟ್ ಹಾಕಿಸಿದೆ. ಖಾಲಿ ಟ್ರಕ್ ನೋಡಲು ಬಹಳ ಚೆನ್ನಾಗಿತ್ತು, ಅದನ್ನು ಇಲ್ಲ ಅನ್ನುವುದಿಲ್ಲ. ಮೊದಲ ಸಲ ಕ್ಯಾಂಪರ್ ಕಟ್ಟಿಕೊಂಡು 285ನೇ ಹೆದ್ದಾರಿಯಲ್ಲಿ ಕೆನೋಶಾ ಪಾಸ್ ಅನ್ನುವ ಘಾಟಿಯ ಕಡೆಯಿಂದ ಸಂಜೆ ವಾಪಸ್ ಬರ್ತಾ ಇದ್ದೆವು. ಎದುರಿಗೆ ಬಂದ ಕಾರುಗಳೆಲ್ಲ ಒಂದರ ಹಿಂದೆ ಒಂದು ಲೈಟ್ ಮಿಣುಕಿಸತೊಡಗಿದವು. "ಹೈ ಬೀಮ್ ಹಾಕಿದ್ದೀರಾ?" ಅಂದಳು ಹೆಂಡತಿ. ಹಾಕಿರಲಿಲ್ಲ. ಮೂತಿ ಅಷ್ಟು ಮೇಲೆದ್ದಿತ್ತು. ಲೋ ಬೀಮೇ ಎದುರಿನವರ ಕಣ್ಣಿಗೆ ಹೊಡೆಯುತ್ತಿತ್ತು. ತಿರುವುಗಳಲ್ಲಿ ಸ್ಟೀರಿಂಗ್ ಕೈಗೆ ಹಗುರ ಅನಿಸುತ್ತಿತ್ತು. ಆ ಇಳಿಜಾರಿನಲ್ಲಿ, ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ದೆ ಮಾಡುತ್ತಿರುವಾಗ, ಹಗುರ ಸ್ಟೀರಿಂಗ್ ಯಾರಿಗೂ ಬೇಡ.

ಆದ್ದರಿಂದ ಮೊದಲು ಅಳತೆ. ಸಮತಟ್ಟಾದ ಕಡೆ ನಿಲ್ಲಿಸಿ. ನೆಲದಿಂದ ಚಕ್ರದ ನಡುವಿನ ಮೇಲೆ ಫೆಂಡರ್ ಅಂಚಿನವರೆಗೆ, ಮುಂದೆ ಹಿಂದೆ ಎರಡೂ ಕಡೆ ಅಳೆದು ಬರೆದುಕೊಳ್ಳಿ. ನನ್ನದು ಖಾಲಿ ಇದ್ದಾಗ ಮುಂದೆ 37 ಇಂಚು, ಹಿಂದೆ 39. ಆಮೇಲೆ ನೀವು ನಿಜವಾಗಿ ಹೋಗುವ ಹಾಗೆ, ನೀರು, ಸಾಮಾನು, ಎಲ್ಲಾ ತುಂಬಿದ ಕ್ಯಾಂಪರ್ ಕಟ್ಟಿ ಮತ್ತೆ ಅಳೆಯಿರಿ. ಕಿಟ್ ಬಿಚ್ಚಿಸಿದ ಮೇಲೆ ನಾನು ಹೀಗೆ ಅಳೆದಾಗ ಮುಂದೆ 37 ಮುಕ್ಕಾಲು, ಹಿಂದೆ 37 ಕಾಲು ಬಂತು. ಅಂದರೆ ಕಂಪನಿ ಎತ್ತರದಲ್ಲೇ ಮೂತಿ ಅರ್ಧ ಇಂಚು ಮೇಲಿತ್ತು. ಅದರ ಮೇಲೆ ಇನ್ನೂ 2 ಇಂಚು ಸೇರಿಸಿಕೊಂಡು ನಾನು ಬೆಟ್ಟ ಇಳಿದಿದ್ದೆ.

ಇದಕ್ಕೆ ಮದ್ದು ವೇಟ್ ಡಿಸ್ಟ್ರಿಬ್ಯೂಷನ್ ಹಿಚ್. ಅದರ ಸ್ಪ್ರಿಂಗ್ ಬಾರ್‌ಗಳು ಹಿಂದೆ ಬಿದ್ದ ಭಾರದಲ್ಲಿ ಸ್ವಲ್ಪವನ್ನು ಮುಂದಿನ ಆಕ್ಸಲ್‌ಗೆ ವಾಪಸ್ ದಾಟಿಸುತ್ತವೆ. ನಿಮ್ಮ ಬಂಪರ್ ಕೆಳಗೆ ಹಿಚ್ ರಿಸೀವರ್ ಮೇಲಿನ ಸ್ಟಿಕ್ಕರ್ ಬಗ್ಗಿ ನೋಡಿ. ಈ ಹಿಚ್ ಇಲ್ಲದೆ 5,000 ಪೌಂಡ್ ಟ್ರೈಲರ್, 500 ಪೌಂಡ್ ಹಿಚ್ ಭಾರ, ಅಷ್ಟೇ ಮಿತಿ ಅಂತ ಇರುತ್ತದೆ. ಕಿಟ್‌ಗೆ ಅಂತ ಎತ್ತಿಟ್ಟ ದುಡ್ಡನ್ನು ಮೊದಲು ಇದಕ್ಕೆ ಹಾಕಿ. ಈ ಒಂದು ಮಾತನ್ನಾದರೂ ದಯವಿಟ್ಟು ಕೇಳಿ.

ಇಷ್ಟಾದ ಮೇಲೂ ಖಾಲಿ ಟ್ರಕ್ಕಿನ ಮೂತಿ ಕೆಳಗಿರುವುದು ಕಣ್ಣಿಗೆ ಚುಚ್ಚುತ್ತದೆ ಅಂದರೆ ಒಂದು ಇಂಚು, ಹೆಚ್ಚೆಂದರೆ ಒಂದೂವರೆ ಸಾಕು. ಎತ್ತುವ ದಾರಿ ಎರಡು. ಸ್ಟ್ರಟ್ (ಮುಂದಿನ ಸ್ಪ್ರಿಂಗ್, ಶಾಕ್ ಎರಡೂ ಸೇರಿದ ಭಾಗ) ತಲೆಯ ಮೇಲೆ ಬಿಲ್ಲೆಯಂಥ ಸ್ಪೇಸರ್ ಕೂರಿಸುವುದು ಅಗ್ಗದ್ದು. ನಾನು ಮೊದಲು ಹಾಕಿಸಿದ್ದು ಅದನ್ನೇ. ಪೆಟ್ಟಿಗೆ ಮೇಲೆ 2 ಇಂಚು ಅಂತ ಇತ್ತು. ಒಳಗಿನ ಅಲ್ಯೂಮಿನಿಯಂ ಬಿಲ್ಲೆ ನೋಡಿದರೆ ಒಂದು ಇಂಚು ಚಿಲ್ಲರೆ ದಪ್ಪ. ಮೋಸ ಅಲ್ಲ ಅದು. ಸ್ಟ್ರಟ್‌ನ ಕೆಳತುದಿ ಚಕ್ರದ ಹತ್ತಿರ ಕೂತಿರುವುದಿಲ್ಲ, ಚಕ್ರವನ್ನು ಹಿಡಿದಿರುವ ತೋಳಿನ, ಅಂದರೆ ಕೆಳಗಿನ ಕಂಟ್ರೋಲ್ ಆರ್ಮ್‌ನ ನಡುವೆ ಎಲ್ಲೋ ಕೂತಿರುತ್ತದೆ. ಅಲ್ಲಿ ಒಂದಿಷ್ಟು ಕೆಳಗೆ ತಳ್ಳಿದರೆ ಆರ್ಮ್‌ನ ತುದಿಯಲ್ಲಿರುವ ಚಕ್ರ ಅದಕ್ಕಿಂತ ಜಾಸ್ತಿ ಇಳಿಯುತ್ತದೆ. ಇದು ಗೊತ್ತಿಲ್ಲದೆ ಬಿಲ್ಲೆ ಮೇಲೆ ಬಿಲ್ಲೆ ಇಡಿಸುವವರಿದ್ದಾರೆ. ಆಗ ಸಿವಿ ಆಕ್ಸಲ್ (ಮುಂದಿನ ಚಕ್ರ ತಿರುಗಿಸುವ ದಂಡ), ಮೇಲಿನ ಬಾಲ್ ಜಾಯಿಂಟ್ (ಆರ್ಮ್ ತುದಿಯ ಕೀಲು) ಎರಡೂ ಓರೆಯಾಗಿ ದುಡಿಯಬೇಕಾಗುತ್ತದೆ, ಬೇಗ ಹೋಗುತ್ತವೆ.

ಎರಡನೇ ದಾರಿ, ಎತ್ತರ ಹೊಂದಿಸಬಹುದಾದ ಶಾಕ್. ಬಿಲ್‌ಸ್ಟೈನ್ 5100 ಅಂಥದ್ದು. ಅದರ ಮೈಮೇಲೆ ಮೆಟ್ಟಿಲಿನ ಹಾಗೆ ಕೊರೆದ ಗೆರೆಗಳಿವೆ. ಸ್ಪ್ರಿಂಗ್ ಕೂರುವ ತಟ್ಟೆಯನ್ನು ಯಾವ ಗೆರೆಗೆ ಸಿಕ್ಕಿಸುತ್ತೀರೋ ಅಷ್ಟು ಎತ್ತರ. ನಾನೀಗ ಸುಮಾರು ಒಂದು ಇಂಚು ಎತ್ತುವ ಗೆರೆಯಲ್ಲಿ ಇಟ್ಟಿದ್ದೇನೆ. ನಿಮ್ಮ ಟ್ರಕ್ಕಿನ ಶಾಕ್ ಹಳೆಯದಾಗಿದ್ದರೆ ಹೇಗೂ ಬದಲಾಯಿಸಬೇಕು, ಆಗ ಇದೇ ಲಾಭ. ಆದರೆ ಇದಕ್ಕೆ ಸ್ಪ್ರಿಂಗ್ ಅನ್ನು ಒತ್ತಿ ಹಿಡಿದು ಬಿಚ್ಚಬೇಕು. ಒತ್ತಿದ ಸ್ಪ್ರಿಂಗ್ ಸಿಡಿದರೆ ಪ್ರಾಣಕ್ಕೇ ಅಪಾಯ. ಮನೆ ಗರಾಜಿನಲ್ಲಿ ಕೈ ಹಾಕಬೇಡಿ.

ಯಾವುದೇ ಹಾಕಿಸಿದರೂ ಅದೇ ದಿನ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಮಾಡುವುದು) ಮಾಡಿಸಿ. ನನಗೆ ಕಿಟ್ ಹಾಕಿಕೊಟ್ಟ ಅಂಗಡಿಯವರು "ಎರಡು ಇಂಚಿಗೆಲ್ಲ ಬೇಕಾಗಲ್ಲ" ಅಂದರು, ನಾನು ನಂಬಿದೆ. ನಾಲ್ಕು ಸಾವಿರ ಮೈಲಿ ಆದ ಮೇಲೆ ಮುಂದಿನ ಟೈರ್ ಗುಂಯ್ ಅನ್ನತೊಡಗಿತು. ಅಂಗೈಯನ್ನು ಟೈರಿನ ಮೇಲೆ ಒಳಗಿನಿಂದ ಹೊರಗೆ ಸವರಿದೆ, ನುಣುಪಾಗಿತ್ತು. ಹೊರಗಿನಿಂದ ಒಳಗೆ ಸವರಿದೆ, ಪ್ರತಿಯೊಂದು ಬಟನ್ನಿನ (ಟೈರಿನ ಮೇಲಿನ ಉಬ್ಬಿದ ರಬ್ಬರ್ ತುಂಡು) ಅಂಚೂ ಗರಗಸದ ಹಲ್ಲಿನ ಹಾಗೆ ಕೈಗೆ ತಾಗಿತು. ಟೋ, ಅಂದರೆ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಕೆಟ್ಟಿರುವ ಗುರುತು ಅದು. ಎರಡು ಒಳ್ಳೆ ಟೈರ್ ಹಾಳಾದವು. ಈ ಸವರಿ ನೋಡುವ ಪರೀಕ್ಷೆಯನ್ನು ನೀವು ತಗೊಂಡ ಟ್ರಕ್ಕಿನ ಹಳೇ ಟೈರಿನ ಮೇಲೂ ಇವತ್ತೇ ಮಾಡಿ. ಹಲ್ಲು ತಾಗಿದರೆ ಹೊಸ ಟೈರ್ ಹಾಕಿಸುವ ಮೊದಲೇ ಅಲೈನ್‌ಮೆಂಟ್ ನೋಡಿಸಬೇಕು.

ಹೆಡ್‌ಲೈಟ್ ಕೂಡ ಮರೆಯಬೇಡಿ. ಕಿಟ್ ಹಾಕಿಸುವ ಹಿಂದಿನ ರಾತ್ರಿ ಗರಾಜ್ ಬಾಗಿಲಿನಿಂದ 25 ಅಡಿ ದೂರ ಟ್ರಕ್ ನಿಲ್ಲಿಸಿ, ಲೋ ಬೀಮ್‌ನ ಮೇಲಂಚು ಬಾಗಿಲಿನ ಮೇಲೆ ಎಲ್ಲಿ ಬೀಳುತ್ತದೋ ಅಲ್ಲಿ ಟೇಪ್ ಅಂಟಿಸಿ. ಹಾಕಿಸಿಕೊಂಡು ಬಂದ ಮೇಲೆ ಅದೇ ಜಾಗದಲ್ಲಿ ನಿಲ್ಲಿಸಿ, ಲೈಟಿನ ಹಿಂದಿನ ಸ್ಕ್ರೂ ತಿರುಗಿಸಿ ಬೆಳಕನ್ನು ಟೇಪಿಗೆ ಇಳಿಸಿ. ಹತ್ತು ನಿಮಿಷದ ಕೆಲಸ.

ಇನ್ನು ಟೈರ್. ನಿಮ್ಮ ಟ್ರಕ್ಕಿಗೆ 18 ಇಂಚಿನ ಚಕ್ರ ಇದೆ, 275/65ಆರ್18 ಟೈರ್ ಇದೆ ಅಂದಿದ್ದೀರಿ. 275 ಅಂದರೆ ಅಗಲ ಮಿಲಿಮೀಟರಿನಲ್ಲಿ. ಅದರ 65 ಪರ್ಸೆಂಟ್ ಪಕ್ಕದ ಗೋಡೆಯ ಎತ್ತರ. ಲೆಕ್ಕ ಹಾಕಿದರೆ ಒಟ್ಟು ಎತ್ತರ 32 ಇಂಚು. ಜನ 33 ಅನ್ನುವುದು 275/70ಆರ್18ನ್ನು. ಅದು 33.2 ಬರುತ್ತದೆ. ಅಂದರೆ ನೀವು ಕೇಳುತ್ತಿರುವ ವ್ಯತ್ಯಾಸ ಒಂದು ಇಂಚು. ಅದರಲ್ಲಿ ನೆಲದಿಂದ ಟ್ರಕ್ ಮೇಲೇಳುವುದು ಅರ್ಧ ಇಂಚು ಮಾತ್ರ. ಸ್ಪೀಡೋಮೀಟರ್ 65 ತೋರಿಸುವಾಗ ನಿಜವಾಗಿ 67ರಲ್ಲಿ ಹೋಗುತ್ತಿರುತ್ತೀರಿ. ಡೀಲರ್ ಹತ್ತಿರ ಅಥವಾ ಫೋರ್‌ಸ್ಕ್ಯಾನ್ ತಂತ್ರಾಂಶದಿಂದ ಅದನ್ನು ಸರಿಮಾಡಬಹುದು.

33 ಕೂರಿಸಲು ಲೆವೆಲಿಂಗ್ ಕಿಟ್ ಬೇಕೇ ಬೇಕು ಅಂತ ಎಲ್ಲರೂ ಹೇಳುತ್ತಾರೆ. ನನ್ನ ಟ್ರಕ್ಕಿನಲ್ಲಿ ಕಂಪನಿ ಎತ್ತರದಲ್ಲೇ, ಕಂಪನಿ ಚಕ್ರದ ಮೇಲೆ ಕೂತವು. ಸ್ಟೀರಿಂಗ್ ಪೂರ್ತಿ ತಿರುಗಿಸಿ ರಿವರ್ಸ್ ತೆಗೆಯುವಾಗ ಒಳಗಿನ ಪ್ಲಾಸ್ಟಿಕ್ಕಿಗೆ ಸ್ವಲ್ಪ ಉಜ್ಜುತ್ತಿತ್ತು, ಅಷ್ಟೇ. ತಿರುಗಿಸಿದಾಗ ಟೈರ್ ಹಿಂದೆ ಮುಂದೆ ಕಮಾನಿನ ಹಾಗೆ ಓಡಾಡುತ್ತದೆ. ಆ ಜಾಗವನ್ನು ಎತ್ತರ ಅಷ್ಟೇನೂ ಹೆಚ್ಚಿಸುವುದಿಲ್ಲ. ಅಲ್ಲಿ ಮುಖ್ಯ ಆಗುವುದು ಚಕ್ರದ ಆಫ್‌ಸೆಟ್, ಅಂದರೆ ಚಕ್ರ ಬೋಲ್ಟ್ ಆಗುವ ಮುಖ ಅದರ ಅಗಲದ ನಡುವಿನಿಂದ ಎಷ್ಟು ಸರಿದಿದೆ ಅನ್ನುವುದು. ಈ ಟ್ರಕ್ಕಿನ ಕಂಪನಿ ಚಕ್ರದ ಆಫ್‌ಸೆಟ್ 44 ಮಿಲಿಮೀಟರ್. ಹೊರಕ್ಕೆ ಉಬ್ಬಿ ನಿಲ್ಲುವ ಹೊಸ ಚಕ್ರ ಹಾಕಿಸಿದರೆ ಟೈರಿನ ಕಮಾನು ದೊಡ್ಡದಾಗಿ ಉಜ್ಜಾಟ ಜಾಸ್ತಿ ಆಗುತ್ತದೆ. ಚಕ್ರ ಬದಲಾಯಿಸಬೇಡಿ.

ಪಿ (ಪ್ಯಾಸೆಂಜರ್ ವಾಹನದ ಟೈರ್), ಎಲ್‌ಟಿ (ಲೈಟ್ ಟ್ರಕ್ಕಿನ ಟೈರ್) ಅನ್ನುವುದರಲ್ಲಿ ಜನ ಎಡವುತ್ತಾರೆ. ಪಿ275/65ಆರ್18ರ ಮೇಲೆ 116 ಅಂತ ಭಾರದ ಸೂಚ್ಯಂಕ ಇದ್ದರೆ ಒಂದು ಟೈರ್ 1,250 ಕೆಜಿ ಹೊರುತ್ತದೆ. ಎಲ್‌ಟಿ, ಜಾಸ್ತಿ ಭಾರ ಹೊರುವ ಇ ಶ್ರೇಣಿಯದಾದರೆ 123, ಅಂದರೆ 1,550 ಕೆಜಿ. ಆದರೆ ಅದು 80 ಪಿಎಸ್‌ಐ ಗಾಳಿ ಇದ್ದಾಗ. ಬಾಗಿಲಿನ ಸ್ಟಿಕ್ಕರಿನಲ್ಲಿರುವ 35 ಪಿಎಸ್‌ಐ ಹಾಕಿದರೆ ಎಲ್‌ಟಿ ಟೈರ್ ಪಿ ಟೈರ್‌ಗಿಂತ ಕಡಿಮೆ ಹೊರುತ್ತದೆ. ಹಾಗಂತ 80 ತುಂಬಿಸಿದರೆ ಖಾಲಿ ಟ್ರಕ್ ಕುದುರೆಯ ಹಾಗೆ ಕುಣಿಯುತ್ತದೆ. ನಾನು ಇ ಟೈರಿಗೆ ಖಾಲಿ ಇದ್ದಾಗ 40, ಕ್ಯಾಂಪರ್ ಕಟ್ಟಿದಾಗ ಹಿಂದಿನವಕ್ಕೆ 50 ಇಡುತ್ತೇನೆ. ಇನ್ನೊಂದು, ಗಟ್ಟಿ ಟೈರ್ ಹಾಕಿದರೆ ಟ್ರಕ್ ಜಾಸ್ತಿ ಹೊರುತ್ತದೆ ಅನ್ನುವುದು ತಪ್ಪು. ಡ್ರೈವರ್ ಬಾಗಿಲಿನ ಹಳದಿ ಪಟ್ಟಿ ಏನು ಹೇಳುತ್ತದೋ ಅದೇ ಮಿತಿ.

ನನ್ನ ಆಯ್ಕೆ ಕೇಳಿದರೆ, ನೀವು ಕಲ್ಲುದಾರಿಗೆ ಹೋಗುವುದು ವರ್ಷಕ್ಕೆ ಎರಡು ಮೂರು ಸಲ ಅಂದಿದ್ದೀರಿ. ಅದಕ್ಕೆ ಇ ಬೇಡ. ಅದು ಒಂದೊಂದೂ ಸುಮಾರು 10 ಪೌಂಡ್ ಜಾಸ್ತಿ ಭಾರ, ಬ್ರೇಕಿಗೂ ಮೈಲೇಜಿಗೂ ಹೊರೆ. ಹಳೇ ಅಳತೆಯಲ್ಲೇ, 275/65ಆರ್18, ಒಳ್ಳೆ ಆಲ್ ಟೆರೇನ್ ಟೈರ್ ತಗೊಳ್ಳಿ. ಫಾಲ್ಕನ್ ವೈಲ್ಡ್‌ಪೀಕ್ ನಾನು ಓಡಿಸಿದ್ದೇನೆ, ಹಿಮದಲ್ಲಿ ಬಹಳ ನಂಬಿಕಸ್ತ. ಯಾವ ಕಂಪನಿಯದಾದರೂ ಪಕ್ಕದ ಗೋಡೆಯ ಮೇಲೆ ಮೂರು ಶಿಖರದ ನಡುವೆ ಹಿಮದ ಹರಳು ಇರುವ ಗುರುತು ಇರಲೇಬೇಕು. ಬರೀ ಎಂ ಪ್ಲಸ್ ಎಸ್ (ಮಡ್ ಅಂಡ್ ಸ್ನೋ, ಕೆಸರು ಮತ್ತು ಹಿಮ) ಅಂತ ಇದ್ದರೆ ಹಿಮದಲ್ಲಿ ಪರೀಕ್ಷೆ ಪಾಸಾಗಿದೆ ಅಂತ ಅರ್ಥವಲ್ಲ. ಐ-70 ಹೆದ್ದಾರಿಯಲ್ಲಿ ಮಾರಿಸನ್‌ನಿಂದ ಡಾಟ್ಸೀರೋವರೆಗೆ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಕೊಲೊರಾಡೋ ಟ್ರಾಕ್ಷನ್ (ಟೈರ್ ಹಿಡಿತದ) ಕಾನೂನು ಇದೆ. ಫೋರ್ ವೀಲ್ ಡ್ರೈವ್ ಇದ್ದರೂ ಟೈರಿನ ಬಟನ್ 3/16 ಇಂಚು, ಅಂದರೆ 4.8 ಮಿಲಿಮೀಟರ್ ಆಳ ಇರಬೇಕು. ಕೆಲವು ಡಾಲರಿಗೆ ಡೆಪ್ತ್ ಗೇಜ್ ಸಿಗುತ್ತದೆ, ಒಂದು ಇಟ್ಟುಕೊಳ್ಳಿ.

ಅಂಗಡಿಯಲ್ಲಿ ಟೈರ್ ಏರಿಸುವ ಮೊದಲು ಟೈರಿನ ಪಕ್ಕದ ಗೋಡೆಯ ಮೇಲಿರುವ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ. 2324 ಅಂದರೆ 2024ರ 23ನೇ ವಾರ ತಯಾರಾದದ್ದು. ವರ್ಷಗಟ್ಟಲೆ ಗೋದಾಮಿನಲ್ಲಿ ಇದ್ದದ್ದನ್ನು ಕೊಟ್ಟರೆ ಬೇಡ ಅನ್ನಿ. ಸ್ಟೆಪ್ನಿಯ ತಾರೀಖನ್ನೂ ನೋಡಿಸಿ. ನಿಮ್ಮದು ಮೊದಲಿನಿಂದ ಟ್ರಕ್ಕಿನ ಹೊಟ್ಟೆಗೆ ನೇತಾಡುತ್ತಿರುವ ಹಳೇದೇ ಇರಬಹುದು. ಚಕ್ರದ ನಟ್ಟುಗಳನ್ನು 150 ಪೌಂಡ್-ಫೂಟ್‌ಗೆ ಟಾರ್ಕ್ ರೆಂಚಿನಲ್ಲೇ ಬಿಗಿ ಮಾಡಿಸಿ, ನೂರು ಮೈಲಿ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ.

ಟೈರ್ ಹಾಕಿಸಿ, ಕ್ಯಾಂಪರ್ ಕಟ್ಟಿ, ಖಾಲಿ ಇದ್ದಾಗಿನ ಎರಡು, ಕಟ್ಟಿದ ಮೇಲಿನ ಎರಡು, ಹೀಗೆ ನಾಲ್ಕು ಅಳತೆ ಇಲ್ಲೇ ಕೆಳಗೆ ಬರೆಯಿರಿ. ಕ್ಯಾಂಪರಿನ ತೂಕವನ್ನೂ ಬರೆಯಿರಿ. ಎಷ್ಟು ಎತ್ತಿಸಬಹುದು, ಎತ್ತಿಸಬಹುದೋ ಇಲ್ಲವೋ, ಅದನ್ನು ನೋಡಿ ಹೇಳುತ್ತೇನೆ.