ಡ್ರಗ್ಸ್ ವಿಷಯ ನೋಡಿಕೊಳ್ಳುವ ಸಮಿತಿ ವಿಧಾನಸಭೆಯಲ್ಲಿ ಇದೆಯಾ? ನಮ್ಮಂಥವರು ಅಲ್ಲಿಗೆ ಬರೆಯಬಹುದಾ?

ಮಗ ಓದುವ ಕಾಲೇಜಿನ ಸುತ್ತ ಗಾಂಜಾ ಸಿಗುತ್ತಿದೆ, ಠಾಣೆಗೆ ಹೇಳಿ ಹೇಳಿ ಸಾಕಾಯ್ತು, ಶಾಸಕರ ಸಮಿತಿ ಏನಾದರೂ ಇದ್ದರೆ ಅಲ್ಲಿಗೇ ಬರೆಯುತ್ತೇನೆ ಅಂದಿದ್ದೀರಿ. ಎರಡು ವರ್ಷದ ಹಿಂದೆ ನಾನೂ ಇದನ್ನೇ ಹುಡುಕಿಕೊಂಡು ಬೆಂಗಳೂರೆಲ್ಲ ಓಡಾಡಿದ್ದೆ. ನನ್ನ ಅಕ್ಕನ ಮಗ ಸಣ್ಣ ಪೊಟ್ಟಣದ ಜೊತೆ ಸಿಕ್ಕಿಬಿದ್ದಿದ್ದ.

ಡ್ರಗ್ಸಿಗೆ ಅಂತಲೇ ಒಂದು ಕಾಯಂ ಸಮಿತಿ ನಮ್ಮ ವಿಧಾನಸಭೆಯಲ್ಲಿ ಇಲ್ಲ. ಕಾನೂನು ಕೇಂದ್ರದ್ದು, ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆ. ಹಿಡಿಯುವ ಪೊಲೀಸರು ರಾಜ್ಯದವರು. ದೆಹಲಿಯಲ್ಲೂ ಇದು ಒಂದೇ ಕಡೆ ಇಲ್ಲ. ಎನ್‌ಸಿಬಿ (ಕೇಂದ್ರದ ಮಾದಕ ವಸ್ತು ನಿಯಂತ್ರಣ ಸಂಸ್ಥೆ) ಇರುವುದು ಗೃಹ ಸಚಿವಾಲಯದ ಕೆಳಗೆ, ಕಾಯ್ದೆ ನೋಡಿಕೊಳ್ಳುವುದು ಹಣಕಾಸು ಸಚಿವಾಲಯದ ಕಂದಾಯ ಇಲಾಖೆ, ಚಟ ಬಿಡಿಸುವ ಕಾರ್ಯಕ್ರಮ ಸಾಮಾಜಿಕ ನ್ಯಾಯ ಸಚಿವಾಲಯದ್ದು. ಈ ಮೂರಕ್ಕೂ ಸಂಸತ್ತಿನಲ್ಲಿ ಬೇರೆ ಬೇರೆ ಸ್ಥಾಯಿ ಸಮಿತಿ.

ಹಾಗಂತ ಸುಮ್ನೆ ಕೂರಬೇಡಿ. ವಿಧಾನಸೌಧದಲ್ಲಿ ಎರಡು ಸಮಿತಿ ನಿಮ್ಮ ಕೆಲಸಕ್ಕೆ ಬರುತ್ತವೆ. ಒಂದು ಅರ್ಜಿಗಳ ಸಮಿತಿ, ಅಲ್ಲಿಗೆ ಶಾಸಕರ ಮೂಲಕ ಹೋಗಬೇಕು. ಇನ್ನೊಂದು ಭರವಸೆಗಳ ಸಮಿತಿ, ನನಗೆ ಇದರ ಮೇಲೆ ನಂಬಿಕೆ ಜಾಸ್ತಿ. ನಿಮ್ಮ ಶಾಸಕರು ಸದನದಲ್ಲಿ ಪ್ರಶ್ನೆ ಹಾಕಬೇಕು, ಚುಕ್ಕೆ ಗುರುತಿನ ಪ್ರಶ್ನೆಯಾದರೆ ಸಚಿವರು ಎದ್ದು ನಿಂತು ಬಾಯಲ್ಲೇ ಉತ್ತರ ಹೇಳುತ್ತಾರೆ, ಆಗ 'ಕ್ರಮ ಕೈಗೊಳ್ಳುತ್ತೇವೆ' ಅಂತ ಮಾತು ಕೊಟ್ಟರೆ ಅದು ಭರವಸೆ ಅಂತ ಲೆಕ್ಕಕ್ಕೆ ಬಂದು, ಏನಾಯ್ತು ಅಂತ ಈ ಸಮಿತಿ ಇಲಾಖೆಯನ್ನು ಕೇಳಬಹುದು. ಠಾಣೆಯಲ್ಲಿ ಕೊಟ್ಟ ಮಾತಿಗೆ ಹಾಗೆ ಬೆನ್ನು ಹತ್ತುವವರು ಯಾರಿದ್ದಾರೆ ಹೇಳಿ?

ಶಾಸಕರ ಕಚೇರಿಗೆ ಬೆಳಿಗ್ಗೆ ಹೋಗಿ, ಒಂದೇ ಹಾಳೆಯಲ್ಲಿ ಬರೆದುಕೊಂಡು. ಎಷ್ಟು ಕೆಜಿ ಹಿಡಿದಿರಿ ಅಂತ ಕೇಳಿಸಬೇಡಿ, ಅದು ಪೇಪರಿನಲ್ಲಿ ಹೇಗೂ ಬರುತ್ತದೆ. ಹಿಡಿದವರಲ್ಲಿ ಸೇದುವವರೆಷ್ಟು, ಮಾರುವವರೆಷ್ಟು ಅಂತ ಕೇಳಿಸಿ. ಅದೇ ಕಾಯ್ದೆಯ 64ಎ ಕಲಂ ಬಳಸಿ ಎಷ್ಟು ಹುಡುಗರು ಚಿಕಿತ್ಸೆಗೆ ಹೋದರು ಅಂತ ಕೇಳಿಸಿ.

ಈ 64ಎ ಬಗ್ಗೆ ನಮಗೆ ಠಾಣೆಯಲ್ಲಿ ಯಾರೂ ಹೇಳಲಿಲ್ಲ. ಅಕ್ಕ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ, ಹುಡುಗನ ಜೀವನ ಮುಗಿದೇ ಹೋಯ್ತು ಅಂತ ಅಳುತ್ತಿದ್ದಳು. ಕೊನೆಗೆ ಕೋರ್ಟಿನ ಹೊರಗೆ ಟೀ ಕುಡಿಯುವಾಗ ಒಬ್ಬ ಹಿರಿಯ ವಕೀಲರು ಬಿಡಿಸಿ ಹೇಳಿದರು. ಚಟ ಹತ್ತಿದವನು, ಸೇವನೆಯ ಕೇಸೋ ಸಣ್ಣ ಪ್ರಮಾಣದ ಕೇಸೋ ಆಗಿದ್ದರೆ, ತಾನಾಗಿ ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದರೆ ಅವನ ಮೇಲೆ ಕೇಸು ನಡೆಸುವಂತಿಲ್ಲ. ಅರ್ಧಕ್ಕೇ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಗಾಂಜಾದಲ್ಲಿ ಸಣ್ಣ ಪ್ರಮಾಣ ಅಂದರೆ 1 ಕೆಜಿವರೆಗೆ, 20 ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ, ಅದಕ್ಕೆ ಕನಿಷ್ಠ 10 ವರ್ಷ ಜೈಲು. ಆದರೆ ಮಾರುವುದಕ್ಕೆ ಇಟ್ಟುಕೊಂಡವನೂ 'ನನಗೆ ಚಟ' ಅಂತ ಹೇಳಿದರೆ ಸಾಕಾಗುವುದಿಲ್ಲ, ಚಟ ಇದೆ ಅಂತ ಕೋರ್ಟಿಗೆ ಕಾಣಬೇಕು.

ನಮ್ಮ ಹುಡುಗ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಪೂರ್ತಿ ಮಾಡಿದ, ಈಗಲೂ ತೋರಿಸಿಕೊಂಡು ಬರುತ್ತಾನೆ. ನಿಮ್ಮ ಮಗನ ಬಗ್ಗೆಯೇ ಅನುಮಾನ ಇದ್ದರೆ ಶಾಸಕರ ಕೆಲಸ ಆಮೇಲೆ ಮಾಡಿ, ಮೊದಲು ಅವನ ಹತ್ತಿರ ಕೂತು ಮಾತಾಡಿ, ಇವತ್ತೇ 14446ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಚಟ ಬಿಡಿಸುವ ಸಹಾಯವಾಣಿ.