ಪ್ರತಿ: ರೀಮ್ಯಾಪ್ ಆದಮೇಲೆ ಗಾಡಿ ಜಗ್ಗುತ್ತಿದೆ

ಪೋಲೋ 1.0 ಟಿಎಸ್‌ಐಗೆ ಸ್ಟೇಜ್ 1 ರೀಮ್ಯಾಪ್ (ಬಿಡಿಭಾಗ ಬದಲಿಸದೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಮಾತ್ರ ಬದಲಿಸಿ ಶಕ್ತಿ ಹೆಚ್ಚಿಸುವುದು) ಮಾಡಿಸಿದ ಮೇಲೆ, ಮೇಲಿನ ಗೇರಿನಲ್ಲಿ 2,000 ಆರ್‌ಪಿಎಂ ದಾಟುತ್ತಿದ್ದಂತೆ ಜಗ್ಗುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಏನೂ ಇಲ್ಲ ಅಂದಿರಿ. ಅದೇ ಒಳ್ಳೆಯ ಸುಳಿವು. ಬೂಸ್ಟ್ (ಟರ್ಬೋ ತುಂಬುವ ಗಾಳಿಯ ಒತ್ತಡ) ಏರುವಾಗಷ್ಟೇ ತೊಂದರೆ ಅಂದರೆ ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಸಿಲಿಂಡರಿನೊಳಗೆ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರುವುದು ಕಷ್ಟ. ಕಂಪನಿಯ 110 ಪಿಎಸ್, 175 ಎನ್‌ಎಂ ಲೆಕ್ಕಕ್ಕೆ ಸವೆದ ಪ್ಲಗ್ ಹೇಗೋ ಕೆಲಸ ಮಾಡುತ್ತಿತ್ತು, ಈಗ ಆಗುತ್ತಿಲ್ಲ, ಅಷ್ಟೇ. ಹೊಸದು ಹಾಕಿಸಿ. ಗ್ಯಾಪ್ (ಪ್ಲಗ್‌ನಲ್ಲಿ ಕಿಡಿ ಹಾರುವ ಸಂದು) ಎಷ್ಟಿರಬೇಕು ಅಂತ ಟ್ಯೂನ್ ಮಾಡಿದವರನ್ನೇ ಕೇಳಿ, ಸಾಮಾನ್ಯವಾಗಿ ಸ್ವಲ್ಪ ಕಡಿಮೆ ಇಡುತ್ತಾರೆ.

ಆಮೇಲೆ ಟರ್ಬೋದಿಂದ ಬರುವ ಹೋಸ್‌ಗಳ ಕ್ಲ್ಯಾಂಪ್ ಬಿಗಿಯಾಗಿದೆಯಾ ನೋಡಿ. ನಗಬೇಡಿ! ನಾನು ಎರಡು ವಾರ ಟ್ಯೂನರ್‌ಗೆ ಸುಮ್ನೆ ಬೈದುಕೊಂಡು ಓಡಾಡಿದ್ದೆ, ಕೊನೆಗೆ ನೋಡಿದರೆ ಒಂದು ಕ್ಲ್ಯಾಂಪ್ ಸಡಿಲವಾಗಿತ್ತು.

ಎರಡೂ ಸರಿಯಿದ್ದರೆ ಒಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಸಾಧನ) ಹಾಕಿ, ಓಡಿಸುವಾಗಿನ ಲಾಗ್ ತೆಗೆಯಿರಿ. ಇಸಿಯು (ಎಂಜಿನ್ ಕಂಪ್ಯೂಟರ್) ಕೇಳಿದ ಬೂಸ್ಟ್ ಎಷ್ಟು, ನಿಜವಾಗಿ ಸಿಕ್ಕಿದ್ದೆಷ್ಟು, ನಾಕ್‌ನಿಂದಾಗಿ (ಪೆಟ್ರೋಲ್ ತಾನಾಗಿಯೇ ಹೊತ್ತಿಕೊಳ್ಳುವುದು) ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರಿಸುವ ಸಮಯ, ಹಿಂದಕ್ಕೆ ಹೋಗುತ್ತಿದೆಯಾ, ಯಾವ ಸಿಲಿಂಡರಿನಲ್ಲಿ ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿರುವುದು) ಎಣಿಕೆ ಏರುತ್ತಿದೆ ಅಂತ ನೋಡಿ. ಮ್ಯಾಪ್ 95 ಆಕ್ಟೇನ್‌ಗೆ ಬರೆದಿದ್ದು ನೀವು ಅದಕ್ಕಿಂತ ಕಡಿಮೆ ಆಕ್ಟೇನಿನ ಪೆಟ್ರೋಲ್ ಹಾಕುತ್ತಿದ್ದರೆ ಟೈಮಿಂಗ್‌ನಲ್ಲೇ ಗೊತ್ತಾಗುತ್ತದೆ. ಆಗಲೂ ಬಗೆಹರಿಯದಿದ್ದರೆ ಹಳೆ ಮ್ಯಾಪ್ ವಾಪಸ್ ಹಾಕಿಸಿ ಒಂದು ದಿನ ಓಡಿಸಿ. ಜಗ್ಗುವುದು ನಿಂತ ಮಾತ್ರಕ್ಕೆ ಟ್ಯೂನ್‌ದೇ ತಪ್ಪು ಅನ್ನಬೇಡಿ, ಬೂಸ್ಟ್ ಇಳಿದರೆ ಸೋತ ಪ್ಲಗ್ ಕೂಡ ಸುಮ್ಮನಿರುತ್ತದೆ. ನಿಲ್ಲದಿದ್ದರೆ ಮಾತ್ರ ಟ್ಯೂನರ್ ಪಾರು.

ಅಲ್ಲಿಯವರೆಗೆ ಆಕ್ಸಿಲರೇಟರ್ ಪೂರ್ತಿ ಒತ್ತಬೇಡಿ. ಮಿಸ್‌ಫೈರ್ ಆದಾಗ ಸುಡದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಅದರ ಬೆಲೆ ಪ್ಲಗ್‌ನಷ್ಟಲ್ಲ.