ಕುದಿಯುವ ನೀರಲ್ಲಿ 98 ಬಂದರೆ ಥರ್ಮಾಮೀಟರ್ ಕೆಟ್ಟಿಲ್ಲ

ವಾಪಸ್ ಕಳಿಸಬೇಡಿ ಮಾರಾಯ್ರೇ! ಜೋನಿ ಬೆಲ್ಲಕ್ಕೆ (ಸುರಿಯುವಂಥ ನೀರು ಬೆಲ್ಲ) ಅಂತ ತರಿಸಿದ ಥರ್ಮಾಮೀಟರ್ ಕುದಿಯುವ ನೀರಲ್ಲಿ 98 ದಾಟುತ್ತಿಲ್ಲ ಅಂದಿದ್ದೀರಿ. ನಿಮ್ಮ ಸಾಗರ ಊರಿಗೆ ಅದೇ ಸರಿ. 100 ಡಿಗ್ರಿ ಅನ್ನುವುದು ಮಂಗಳೂರಿನಂಥ ಕಡಲ ಮಟ್ಟದ ಊರಿನ ಲೆಕ್ಕ. ಎತ್ತರಕ್ಕೆ ಹೋದ ಹಾಗೆ ಗಾಳಿಯ ಒತ್ತಡ ಕಮ್ಮಿ, ನೀರು ಕಮ್ಮಿ ಬಿಸಿಗೇ ಕುದಿಯುತ್ತದೆ. 300 ಮೀಟರಿಗೆ ಹೆಚ್ಚುಕಮ್ಮಿ ಒಂದು ಡಿಗ್ರಿ. ನಿಮ್ಮೂರು 600 ಮೀಟರ್ ಆಸುಪಾಸು, ಅಲ್ವಾ? ಬೆಂಗಳೂರಲ್ಲಾದರೆ 97.

ಉರಿ ಸಾಲದೇನೋ ಅಂತ ಸುಮ್ನೆ ಸೌದೆ ತುಂಬಬೇಡಿ. ಕುದಿ ಹಿಡಿದ ನೀರು ಬೇಗ ಆವಿಯಾಗುತ್ತದೆ, ಅಷ್ಟೆ. ಬಿಸಿ ಏರುವುದಿಲ್ಲ.

ಇನ್ನೂ ಅನುಮಾನವಿದ್ದರೆ ಐಸಿನಲ್ಲಿ ನೋಡಿ. ಐಸನ್ನು ಚೆನ್ನಾಗಿ ಜಜ್ಜಿ ಲೋಟದ ತುಂಬ ಹಾಕಿ, ಸಂದು ತುಂಬುವಷ್ಟೇ ನೀರು ಬಿಟ್ಟು ಕಲಕುತ್ತಾ ನಡುಮಧ್ಯೆ ಹಿಡಿಯಿರಿ. ಯಾವ ಊರಾದರೂ 0 ಬರಬೇಕು. ನಾನು ಮೊದಲ ಸಲ ನಾಲ್ಕು ಐಸ್ ತುಂಡು ತೇಲಿಸಿ, ಕಡ್ಡಿಯನ್ನು ತಳಕ್ಕೆ ಇಳಿಸಿದ್ದೆ. 4 ತೋರಿಸಿತು. ಕೆಟ್ಟಿದೆ ಅಂತ ಮೂಲೆಗೆ ಹಾಕಿದೆ. ತಪ್ಪು ನನ್ನದೇ. ನೀರು ಅತಿ ಭಾರ ಇರುವುದು 4 ಡಿಗ್ರಿಯಲ್ಲಿ, ಆ ನೀರು ತಳ ಹಿಡಿದು ಕೂರುತ್ತದೆ. (ಅದೇ ವಾರ ಫ್ರೀಜರಿನಲ್ಲಿ ಕಬ್ಬಿನ ಹಾಲಿನ ಗಾಜಿನ ಬಾಟಲಿಯೂ ಒಡೆಯಿತು. ನೀರು ಹೆಪ್ಪುಗಟ್ಟಿದರೆ ನೂರಕ್ಕೆ ಒಂಬತ್ತು ಪಾಲು ಉಬ್ಬುತ್ತದೆ. ಕಂಠದ ತನಕ ತುಂಬಿದ್ದೆ!) ಗಾಜಿನ ಥರ್ಮಾಮೀಟರ್ ಆದರೆ ಕುದಿನೀರಿನಿಂದ ತೆಗೆದು ನೇರ ಐಸಿಗೆ ಇಡಬೇಡಿ, ಸೀಳುತ್ತದೆ.

ಈಗ ಕೊಪ್ಪರಿಗೆಗೆ ಬನ್ನಿ. ಕಬ್ಬಿನ ಹಾಲು ಶುರುವಿನಲ್ಲಿ ಹೆಚ್ಚುಕಮ್ಮಿ ನೀರಿನ ಹಾಗೇ ಕುದಿಯುತ್ತದೆ. ತುಂಬಾ ಹೊತ್ತು ಮುಳ್ಳು ಅಲ್ಲಾಡುವುದೇ ಇಲ್ಲ ಅನ್ನಿಸುತ್ತದೆ, ಗಾಬರಿ ಬೇಡ. ನೀರು ಆರಿ ಸಕ್ಕರೆ ಅಂಶ ದಟ್ಟವಾದ ಹಾಗೆ ಕುದಿಯುವ ಬಿಸಿಯೂ ಏರುತ್ತದೆ, ಕೊನೆಯಲ್ಲಿ ಓಡುತ್ತದೆ. ಪುಸ್ತಕದಲ್ಲಿ ಜೋನಿಗೆ 105–106, ಅಚ್ಚಿನ ಬೆಲ್ಲಕ್ಕೆ 116–118 ಅಂತಿರುತ್ತದೆ. ಅದೂ ಕಡಲ ಮಟ್ಟದ ಲೆಕ್ಕವೇ. ನೀವು ಎರಡು ಕಳೆಯಿರಿ, ಅಂದರೆ ಜೋನಿಗೆ 103–104. ಇಲ್ಲಿ 106ರ ತನಕ ಕಾದರೆ ಜೋನಿ ಗಟ್ಟಿಯಾಗಿ, ಡಬ್ಬದಿಂದ ಸುರಿಯುವುದೇ ಕಷ್ಟ. ಕಡ್ಡಿ ಕೊಪ್ಪರಿಗೆಯ ತಳಕ್ಕೆ ತಾಗದಿರಲಿ. 102 ಬಂದಾಗಲೇ ಸೌದೆ ಹೊರಗೆಳೆಯಿರಿ, ಮಿಕ್ಕಿದ್ದನ್ನು ಒಲೆಯ ಕೆಂಡವೇ ಮಾಡುತ್ತದೆ.